ಎರಡನೇ ಹಳಿ

ಮನೆಯಲ್ಲೇ ತ್ರೀಡಿ ಪ್ರಿಂಟರ್ ಕಟ್ಟಲು ಹೊರಟವರಿಗೆ ಮೊದಲು ಬೇಕಾದದ್ದು ವಿದ್ಯೆಯಲ್ಲ, ಅಡುಗೆಮನೆಯ ಗ್ರಾನೈಟ್ ಕಟ್ಟೆ. ಊಟದ ಮೇಜು ನೋಡಲು ಸಪಾಟು. ಅದರ ಮೇಲೆ ಅಲ್ಯುಮಿನಿಯಂ ಚೌಕಟ್ಟು ಜೋಡಿಸಿದರೆ ಮೇಜಿನ ಡೊಂಕೆಲ್ಲ ಚೌಕಟ್ಟಿಗೆ ಬಳುವಳಿಯಾಗಿ ಬರುತ್ತದೆ. ನಮ್ಮನೆಯ ಕಟ್ಟೆ ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಸಂಜೆಯ ಕಾಫಿಯವರೆಗೆ ಮಾತ್ರ ನನ್ನದು. ದೋಸೆಹಿಟ್ಟಿನ ಪಾತ್ರೆ ಮುಟ್ಟುವಂತಿಲ್ಲವೆಂಬ ಷರತ್ತಿನೊಂದಿಗೆ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ರೆಪ್‌ರ್‍ಯಾಪ್ ಯೋಜನೆ ಶುರುಮಾಡಿದರು. ತನ್ನ ಬಿಡಿಭಾಗಗಳನ್ನು ಆದಷ್ಟು ತಾನೇ ಅಚ್ಚುಹಾಕಿಕೊಳ್ಳುವ ತ್ರೀಡಿ ಪ್ರಿಂಟರ್. ಅದರ ನಕ್ಷೆ ಯಾರಿಗೆ ಬೇಕಾದರೂ ಪುಕ್ಕಟೆ. ಪುಣ್ಯಾತ್ಮ! ಕ್ಯಾಲೆಂಡರನ್ನೂ ಓರೆಯಾಗಿ ನೇತುಹಾಕುವ ನನ್ನಂಥವನ ಕೈಗೆ ಅಲೆನ್ ಕೀ ಬಂದದ್ದು ಹೀಗೆ.

ಪಕ್ಕದ ಮನೆಯಲ್ಲಿ ಗಾರೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಇಣುಕಿದರು. “ಏನ್ ಸಾರ್, ಕಿಟಕಿನಾ?” ನನ್ನ ವಿವರಣೆ ಮುಗಿಯುವುದರೊಳಗೆ ಟೇಪು ಬಿಚ್ಚಿ ಮೂಲೆಯಿಂದ ಮೂಲೆಗೆ ಅಳೆದಾಗಿತ್ತು. ಎದುರುಬದುರಿನ ಪಟ್ಟಿಗಳು ಸಮವಿದ್ದು ಎರಡು ಕರ್ಣಗಳೂ ಸಮ ಬಂದರೆ ಮೂಲೆಗಳು ನೇರ. ಪಾಯ ಗುರುತು ಮಾಡುವಾಗ ಅವರದ್ದು 3-4-5ರ ಲೆಕ್ಕ: ಮೂಲೆಯ ಎರಡು ಬದಿ ಮೂರು, ನಾಲ್ಕು ಇದ್ದರೆ ಕರ್ಣ ಐದು. ಯಜ್ಞವೇದಿ ಅಳೆಯಲು ಬೌಧಾಯನರ ಶುಲ್ಬಸೂತ್ರ ಹಗ್ಗ ಹಿಡಿದು ಹೇಳಿದ್ದೂ ಇದೇ ಕರ್ಣದ ವಿಚಾರ. ಮೇಸ್ತ್ರಿಗೆ ಬೌಧಾಯನ ಗೊತ್ತಿಲ್ಲ, ನನಗೆ ಗಾರೆ ಗೊತ್ತಿಲ್ಲ. ಕೆಲಸ ಬರುವುದು ಯಾರಿಗೆಂದು ಬೇರೆ ಹೇಳಬೇಕಿಲ್ಲ.

ನಿಜವಾದ ಪರೀಕ್ಷೆ ಲೀನಿಯರ್ ಹಳಿಗಳದ್ದು. ಜೋಡಿ ಹಳಿ, ಮೇಲೆ ಜಾರುವ ಗಾಡಿಗಳು, ಗಾಡಿಗಳ ನಡುವೆ ಅಡ್ಡಪಟ್ಟಿ. ಎರಡು ಹಳಿಗಳನ್ನೂ ಮೊದಲೇ ಬಿಗಿದರೆ ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಅಡ್ಡಪಟ್ಟಿ ಒಂದು ತುದಿಯಲ್ಲಿ ಸಲೀಸಾಗಿ ಜಾರಿ, ಇನ್ನೊಂದು ತುದಿಯಲ್ಲಿ ಮುಷ್ಕರ ಹೂಡುತ್ತದೆ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕೂರುತ್ತದೆ, ನಾಲ್ಕನೇ ಕಾಲು ಬಂತೋ ಕುಟುಕುಟು ಶುರು. ಹಾಗೆಯೇ ಈ ಎರಡನೇ ಹಳಿ.

ಉಪಾಯ ಇಷ್ಟೇ. ಒಂದು ಹಳಿಯನ್ನು ನೇರ ನೋಡಿ ಪೂರ್ತಿ ಬಿಗಿಯಿರಿ. ಇನ್ನೊಂದರ ಸ್ಕ್ರೂಗಳನ್ನು ಸಡಿಲವಾಗಿಯೇ ಬಿಟ್ಟು, ಅಡ್ಡಪಟ್ಟಿ ಕೂರಿಸಿ, ತುದಿಯಿಂದ ತುದಿಗೆ ಓಡಾಡಿಸಿ. ಹಳಿ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಗಾಡಿ ಎಲ್ಲಿದೆಯೋ ಅಲ್ಲಿನ ಸ್ಕ್ರೂ ಬಿಗಿಯುತ್ತ ಮುಂದೆ ಹೋಗಿ. ಗಾಡಿ ಹಳಿಯಿಂದಾಚೆ ಜಾರಿದರೆ ಮಾತ್ರ ಒಳಗಿನ ಪುಟ್ಟ ಉಕ್ಕಿನ ಗುಂಡುಗಳು ಉದುರಿ ಸ್ಟವ್ ಕೆಳಗೆ ಸೇರುತ್ತವೆ. ಆಮೇಲಿನ ಮಾತುಕತೆ ಯಂತ್ರಶಾಸ್ತ್ರದ್ದಲ್ಲ.

ನನಗೆ ಸ್ಕ್ರೂ ಲೂಸೆಂಬ ಗುಮಾನಿ ಮನೆಯಲ್ಲಿ ಮೊದಲಿನಿಂದಲೂ ಇದೆ. ಅದಕ್ಕೊಂದು ತಾಂತ್ರಿಕ ಸಮರ್ಥನೆ ಸಿಕ್ಕಿದ್ದು ಈಗಲೇ.