ಘಾಟಿಗಳನ್ನು ಎಣಿಸಿ ಕೊಡಬೇಡಿ

ಟೂರ್ ದ ಫ್ರಾನ್ಸ್ ಫಾಮ್‌ನ ಆಯೋಜಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

1984ರಲ್ಲಿ ಮಹಿಳೆಯರ ಟೂರ್ ದ ಫ್ರಾನ್ಸ್ ನಡೆದಾಗ ಅದಕ್ಕೆ 18 ಹಂತಗಳಿದ್ದವು. 2025ರಲ್ಲಿ ನೀವು ನಡೆಸಿದ್ದು 9 ಹಂತಗಳ ಸ್ಪರ್ಧೆ. ನಲವತ್ತೊಂದು ವರ್ಷಗಳಲ್ಲಿ ಸೈಕಲ್ಲು ಹಗುರಾಯಿತು, ತರಬೇತಿ ಶಾಸ್ತ್ರವೇ ಆಯಿತು, ಹೆಣ್ಣುಮಕ್ಕಳಿಗೆ ವೃತ್ತಿಪರ ತಂಡಗಳು ಬಂದವು, ಹಂತಗಳು ಮಾತ್ರ ಅರ್ಧಕ್ಕೆ ಇಳಿದವು. ಈ ಲೆಕ್ಕ ಸರಿಹೋಗಬೇಕೆಂದು ಕೇಳಲು ಈ ಪತ್ರ.

ನಾನು ವಿಜಯಪುರದವಳು. ನಮ್ಮ ಜಿಲ್ಲೆ, ಪಕ್ಕದ ಬಾಗಲಕೋಟೆ ಎರಡೂ ಸೈಕ್ಲಿಂಗ್‌ಗೆ ಹೆಸರಾದ ಸೀಮೆಗಳು. ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ಹುಡುಗಿಯರು ಇಲ್ಲಿನ ಹಳ್ಳಿಗಳಿಂದ ಬಂದಿದ್ದಾರೆ. ನಮ್ಮ ಕಡೆ ನೆಲ ಬಯಲು, ಹತ್ತಲು ಘಾಟಿಯಿಲ್ಲ. ಎದುರುಗಾಳಿಯೇ ನಮಗೆ ಬೆಟ್ಟ. ಆದರೂ ಆಗಸ್ಟ್‌ನಲ್ಲಿ ನಿಮ್ಮ ಆಲ್ಪ್ಸ್‌ನ ಹಂತಗಳನ್ನು ನಾನು ಕಣ್ಣು ಕೀಳದೆ ನೋಡುತ್ತೇನೆ, ಯಾಕೆಂದರೆ ರಸ್ತೆ ಸೈಕ್ಲಿಂಗ್‌ನಲ್ಲಿ ಸತ್ಯ ಹೊರಬೀಳುವುದು ಏರಿನಲ್ಲಿ. ಸಪಾಟು ರಸ್ತೆಯಲ್ಲಿ ಮುಂದಿನವಳ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ಪೆಟ್ಟು ತಪ್ಪುತ್ತದೆ. ಬಲ ಕಡಿಮೆ ಇದ್ದವಳೂ ಗುಂಪಿನ ನಡುವೆ ಸೇರಿಕೊಂಡು ದಿನ ಕಳೆಯಬಹುದು. ಏರು ಶುರುವಾಗಿ ವೇಗ ತಗ್ಗಿತೆಂದರೆ ಆ ಆಸರೆ ಹೋಗುತ್ತದೆ. ಆಮೇಲೆ ಉಳಿಯುವುದು ಮೈಯ ತೂಕ, ಕಾಲಿನ ಶಕ್ತಿ, ಮತ್ತು ಇನ್ನೆಷ್ಟು ಹೊತ್ತು ತಾಳಬಲ್ಲೆ ಎಂಬುದು. ಹಾಗಾಗಿ ಮಹಿಳೆಯರಿಗೆ ಎಷ್ಟು ಬೆಟ್ಟ ಕೊಡಬೇಕು ಎಂಬುದು ನಕ್ಷೆ ಬರೆಯುವವರ ಸಣ್ಣ ವಿಚಾರವಲ್ಲ. ಇಡೀ ಸ್ಪರ್ಧೆಯ ಬೆಲೆ ಅಲ್ಲಿ ನಿರ್ಧಾರವಾಗುತ್ತದೆ.

ನಿಮ್ಮ ಮುಂದೆ ಹಳೆಯ ಕಡತ ಬಿಚ್ಚುತ್ತೇನೆ. 1955ರಲ್ಲಿ ನಾರ್ಮಂಡಿಯಲ್ಲಿ ಐದು ಹಂತಗಳ ಮಹಿಳಾ ಟೂರ್ ಒಮ್ಮೆ ನಡೆಯಿತು. ಐಲ್ ಆಫ್ ಮ್ಯಾನ್‌ನ ಮಿಲ್ಲಿ ರಾಬಿನ್ಸನ್ ಗೆದ್ದರು, ಅಲ್ಲಿಗೆ ಅದು ಮುಗಿಯಿತು. ಮುಂದೆ ಟೂರ್‌ನ ನಿರ್ದೇಶಕ ಫೆಲಿಕ್ಸ್ ಲೆವಿತಾನ್ ಪಟ್ಟು ಹಿಡಿದು 1984ರಲ್ಲಿ ಪುರುಷರ ಟೂರ್‌ನ ಜೊತೆಗೇ ಮಹಿಳೆಯರದನ್ನೂ ನಡೆಸಿದರು. ಮಹಿಳೆಯರು ಪುರುಷರಿಗಿಂತ ಕೆಲ ತಾಸು ಮೊದಲು ಹೊರಟು, ಅದೇ ಹಾದಿಯ ಕೊನೆಯ ಭಾಗವನ್ನು ತುಳಿಯುತ್ತಿದ್ದರು. ಆಗಿನ ಹಂತಗಳು ಈಗಿನವುಗಳಿಗಿಂತ ಚಿಕ್ಕವು ಎಂಬುದನ್ನು ಒಪ್ಪುತ್ತೇನೆ, 18 ಮತ್ತು 9ರ ಹೋಲಿಕೆಯಲ್ಲಿ ಅಷ್ಟು ರಿಯಾಯಿತಿ ನಿಮಗೆ ಸಲ್ಲಬೇಕು. ಆದರೆ ಬೆಟ್ಟಗಳು ಇದ್ದವು. ಅಮೆರಿಕದ ಮೇರಿಯಾನ್ ಮಾರ್ಟಿನ್ ಆಲ್ಪ್ಸ್‌ನಲ್ಲಿ ಮುನ್ನಡೆದು ಒಟ್ಟಾರೆ ಗೆಲುವಿನ ಹಳದಿ ಜೆರ್ಸಿ ಗೆದ್ದರು. ಪ್ಯಾರಿಸ್‌ನಲ್ಲಿ ಪುರುಷರ ಟೂರ್ ಗೆದ್ದ ಲೊರಾಂ ಫಿನ್ಯೋಂ ಪಕ್ಕದಲ್ಲೇ ನಿಂತರು. ಫಿನ್ಯೋಂಗೆ ಸಿಕ್ಕಿದ್ದು ಲಕ್ಷ ಡಾಲರ್‌ಗೂ ಮಿಕ್ಕ ಹಣ, ಮಾರ್ಟಿನ್‌ಗೆ ಸುಮಾರು ಸಾವಿರ ಡಾಲರ್ ಮತ್ತು ಒಂದು ಟ್ರೋಫಿ.

ಆ ನಂತರ ಇಟಲಿಯ ಮರಿಯಾ ಕಾನಿನ್ಸ್ ಎರಡು ಸಲ, ಫ್ರಾನ್ಸಿನ ಜೆನಿ ಲೋಂಗೋ ಮೂರು ಸಲ ಗೆದ್ದರು. 1989ರಲ್ಲಿ ಎಲ್ಲ ನಿಂತಿತು. ಸವಾರಿಣಿಯರು ಸೋತದ್ದರಿಂದ ನಿಲ್ಲಲಿಲ್ಲ, ಹಣ ಬರುವುದಿಲ್ಲ ಎಂಬ ಲೆಕ್ಕಕ್ಕೆ ನಿಂತಿತು. ಬೇರೆಯವರು ಬೇರೆ ಹೆಸರಿನಲ್ಲಿ ಅದನ್ನು ಎಳೆದುಕೊಂಡು ಹೋದರು. ಪ್ರಾಯೋಜಕರಿಲ್ಲದೆ, ಕೆಲವು ವರ್ಷ ನಡೆದು ಕೆಲವು ವರ್ಷ ನಿಂತು, ಆ ಸ್ಪರ್ಧೆ ಸೊರಗುತ್ತ ಬಂತು. 2009ರಲ್ಲಿ ಬ್ರಿಟನ್ನಿನ ಎಮ್ಮಾ ಪೂಲಿ ಗೆದ್ದಾಗ ಉಳಿದಿದ್ದದ್ದು ನಾಲ್ಕೇ ಹಂತ. ಅದೇ ಕೊನೆ.

ಈ ಇತಿಹಾಸ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇವತ್ತು ಹಲವರು ಮಹಿಳೆಯರ ಟೂರ್ ಎಂದರೆ 2022ರಲ್ಲಿ ಹುಟ್ಟಿದ್ದು ಎಂದು ತಿಳಿದಿದ್ದಾರೆ. ಹೊಸದಾಗಿ ಹುಟ್ಟಿದ್ದನ್ನು ಮೆಲ್ಲಗೆ ಬೆಳೆಸೋಣ ಎಂದರೆ ಯಾರಾದರೂ ತಲೆದೂಗುತ್ತಾರೆ. ಒಮ್ಮೆ ಇದ್ದು, ಕಿತ್ತುಕೊಂಡದ್ದನ್ನು ತಿರುಗಿ ಕೊಡುವಾಗ ಅದೇ ಮಾತು ಹೊಂದುವುದಿಲ್ಲ.

ತಿರುಗಿ ಬಂದದ್ದೂ ಕೇಳಿ ಪಡೆದದ್ದೇ. 2013ರಲ್ಲಿ ಸೈಕ್ಲಿಸ್ಟ್‌ಗಳಾದ ಕ್ಯಾಥರಿನ್ ಬರ್ಟೀನ್, ಮರಿಯಾನ್ ವೋಸ್, ಎಮ್ಮಾ ಪೂಲಿ, ಟ್ರಯಥ್ಲಾನ್‌ನ ಕ್ರಿಸ್ಸಿ ವೆಲಿಂಗ್ಟನ್ ನಾಲ್ವರೂ ಸೇರಿ ಮನವಿ ಹೊರಡಿಸಿದರು, 90 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮರುವರ್ಷ ನೀವು ಪ್ಯಾರಿಸ್‌ನ ಷಾನ್ಜೆಲಿಜೆ ಬೀದಿಯಲ್ಲಿ ಒಂದು ದಿನದ ಸ್ಪರ್ಧೆ ಇಟ್ಟಿರಿ. ವೋಸ್ ಅದನ್ನು ಗೆದ್ದರು. ಸಪಾಟು ಬೀದಿಯಲ್ಲಿ ಸುತ್ತು ಹಾಕುವ ಸ್ಪರ್ಧೆ ಅದು. ಪೂರ್ತಿ ಟೂರ್ ಕೇಳಿದವರಿಗೆ ಒಂದು ಮಧ್ಯಾಹ್ನ ಸಿಕ್ಕಿತು. ಹಂತಗಳುಳ್ಳ ಟೂರ್ ಬರಲು ಇನ್ನೂ ಎಂಟು ವರ್ಷ ಬೇಕಾಯಿತು.

ಬಂದ ಮೇಲೆ ಏನಾಯಿತು? ನೀವು ಬೆಟ್ಟ ಕೊಟ್ಟ ಪ್ರತಿ ಸಲವೂ ಅವರು ಅದನ್ನು ಮೀರಿದ ಆಟ ತೋರಿಸಿದರು. 2022ರ ಏಳನೇ ಹಂತ, ವೋಜ್ ಪರ್ವತಗಳು. ಅನ್ನೆಮಿಕ್ ಫಾನ್ ಫ್ಲೂಟನ್‌ಗೆ ಆಗ 39 ವರ್ಷ, ಸ್ಪರ್ಧೆಯ ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟು ಕಂಗೆಟ್ಟವರು. ಆ ದಿನ ಮೊದಲ ದೊಡ್ಡ ಏರಿನಲ್ಲೇ ಗುಂಪನ್ನು ಒಡೆದರು. ಬೆನ್ನು ಹತ್ತಿದ್ದು ಡೆಮಿ ವೊಲರಿಂಗ್ ಒಬ್ಬರೇ. ಎರಡನೇ ಏರಿನಲ್ಲಿ ಅವರೂ ಹಿಂದುಳಿದರು. ಮುಂದಿನ ಹಾದಿಯನ್ನು ಫಾನ್ ಫ್ಲೂಟನ್ ಒಂಟಿಯಾಗಿ ಸವೆಸಿ ಮೂರು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಮರುವರ್ಷ ಪಿರೆನೀಸ್‌ನ ಟೂರ್ಮಲೆಯಲ್ಲಿ, ಮಂಜು ಮುಸುಕಿದ ತುದಿಯಲ್ಲಿ, ವೊಲರಿಂಗ್ ಅದರ ಲೆಕ್ಕ ತೀರಿಸಿಕೊಂಡರು.

2024ರ ಆಗಸ್ಟ್ 18ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆ ವಾರದ ನಡುವೆ ಅಮ್ನೆವಿಲ್ ಹತ್ತಿರ ಗುಂಪಿನಲ್ಲಿ ಬಿದ್ದು ವೊಲರಿಂಗ್ ಒಂದೂವರೆ ನಿಮಿಷಕ್ಕೂ ಹೆಚ್ಚು ಕಳೆದುಕೊಂಡಿದ್ದರು. ಹಳದಿ ಜೆರ್ಸಿ ಪೋಲೆಂಡಿನ ಕಾಶಾ ನ್ಯೆವ್ಯದೋಮಾ ಮೈಮೇಲಿತ್ತು. ಕೊನೆಯ ದಿನ ಬೆಳಿಗ್ಗೆ ಇಬ್ಬರ ನಡುವೆ ಉಳಿದಿದ್ದ ಅಂತರ 1 ನಿಮಿಷ 15 ಸೆಕೆಂಡು. ದಾರಿಯಲ್ಲಿ ಗ್ಲಾಂದೋಂ ಘಾಟಿ, ಕೊನೆಗೆ ಆಲ್ಪ್ ದ್ಯುಯೆಜ್. ಅದು ಸುಮಾರು 14 ಕಿ.ಮೀ. ಏರು, 21 ಹೇರ್‌ಪಿನ್ ತಿರುವು. ನಮ್ಮ ಆಗುಂಬೆ ಘಾಟಿಯ 14 ತಿರುವು ಹತ್ತಿ ಉಸಿರು ಸಿಕ್ಕಿಹಾಕಿಕೊಂಡಾಗ, ಇನ್ನೂ ಏಳು ಬಾಕಿ ಇವೆ ಎಂದು ಯಾರೋ ಹೇಳಿದಂತೆ. ಗ್ಲಾಂದೋಂನಲ್ಲೇ ವೊಲರಿಂಗ್ ಮುನ್ನುಗ್ಗಿದರು. ಜೊತೆಗೆ ನಿಂತದ್ದು ಅವರದೇ ದೇಶವಾದ ನೆದರ್ಲೆಂಡ್ಸ್‌ನ ಪೌಲಿಯೆನಾ ರೊಯಾಕರ್ಸ್. ಹಿಂದೆ ನ್ಯೆವ್ಯದೋಮಾ ಕಣಿವೆಯ ಗಾಳಿಯಲ್ಲಿ ಪರದಾಡಿದರು. ಕೊನೆಯ ಏರಿನುದ್ದಕ್ಕೂ ಜೆರ್ಸಿ ಯಾರದ್ದೆಂದು ಯಾರಿಗೂ ಹೇಳಲಾಗಲಿಲ್ಲ. ವೊಲರಿಂಗ್ ಹಂತ ಗೆದ್ದರು, ಗೆದ್ದವರಿಗೆ ಕೊಡುವ 10 ಸೆಕೆಂಡಿನ ಬೋನಸ್ ಕೂಡ ಪಡೆದರು. 1 ನಿಮಿಷ 1 ಸೆಕೆಂಡಿನ ನಂತರ ನ್ಯೆವ್ಯದೋಮಾ ಗೆರೆ ದಾಟಿದರು. ಕೂಡಿ ಕಳೆದಾಗ ಟೂರ್ ನ್ಯೆವ್ಯದೋಮಾಗೆ ಒಲಿದದ್ದು 4 ಸೆಕೆಂಡಿನಿಂದ. ಮೂರನೆಯವರಾದ ರೊಯಾಕರ್ಸ್ ಇದ್ದದ್ದು 10 ಸೆಕೆಂಡಿನ ಹಿಂದೆ. ಪುರುಷರ ಟೂರ್‌ನ ಅತಿ ಕಡಿಮೆ ಅಂತರ ಇಂದಿಗೂ 1989ರ 8 ಸೆಕೆಂಡು.

ಇಂಥ ದಿನ ಸಪಾಟು ಬೀದಿಯಲ್ಲಿ ಹುಟ್ಟುವುದಿಲ್ಲ. ಆ ಟೂರ್‌ನಲ್ಲಿ ಇನ್ನೊಂದು ಪಾಠವೂ ಇದೆ. ಒಂದು ವಾರದ ಸ್ಪರ್ಧೆಯಲ್ಲಿ ಒಮ್ಮೆ ಬಿದ್ದವರಿಗೆ ಚೇತರಿಸಿಕೊಳ್ಳಲು ಎಡೆಯೇ ಸಿಗುವುದಿಲ್ಲ. ಇನ್ನೆರಡು ಬೆಟ್ಟದ ದಿನಗಳಿದ್ದರೆ ಗೆಲುವು ಯಾರದಾದರೂ ಆಗಲಿ, ಅದನ್ನು ತೀರ್ಮಾನಿಸುವುದು ಬೀಳುವಿಕೆಗಿಂತ ಹೆಚ್ಚಾಗಿ ಏರುಗಳು.

2025ರಲ್ಲಿ ಒಂದು ಹಂತ ಹೆಚ್ಚಿಸಿದಿರಿ, ಅದಕ್ಕೆ ಮನಸಾರೆ ವಂದನೆ. ಕೊನೆಯ ಎರಡೂ ದಿನ ಆಲ್ಪ್ಸ್‌ನಲ್ಲಿಟ್ಟಿರಿ. ಮಾದ್ಲೆನ್ ಘಾಟಿಯಲ್ಲಿ ಪೊಲೀನ್ ಫೆರಾಂ-ಪ್ರೆವೋ ಎಲ್ಲರನ್ನೂ ಹಿಂದೆ ಹಾಕಿದರು, ಮರುದಿನ ಶಾತೆಲ್‌ನಲ್ಲಿ ಹಳದಿ ಜೆರ್ಸಿಯಲ್ಲೇ ಗೆದ್ದರು. ಹಿಂದಿನ ವರ್ಷವಷ್ಟೇ ಮೌಂಟನ್ ಬೈಕ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದು ರಸ್ತೆಗೆ ಮರಳಿದವರು ಅವರು. ಲೋಂಗೋ ನಂತರ ಟೂರ್ ಗೆದ್ದ ಮೊದಲ ಫ್ರೆಂಚ್ ಮಹಿಳೆ. ನಿಮ್ಮ ಪುರುಷರಲ್ಲಿ 1985ರ ಬೆರ್ನಾರ್ ಇನೋ ಬಳಿಕ ಯಾರೂ ಗೆದ್ದಿಲ್ಲ. ಅದೇ ಟೂರ್‌ನಲ್ಲಿ ಮಾರಿಷಸ್‌ನ ಕಿಮ್ ಲ ಕೂರ್ ಹಳದಿ ಜೆರ್ಸಿ ತೊಟ್ಟರು. ಹಿಂದೂ ಮಹಾಸಾಗರದ ಪುಟ್ಟ ದ್ವೀಪದ ಹೆಣ್ಣುಮಗಳು. ನಮ್ಮ ಊರಿನ ಹುಡುಗಿಯರಿಗೆ ಆ ಚಿತ್ರ ಎಷ್ಟು ಹತ್ತಿರದ್ದೆಂದು ನಿಮಗೆ ಊಹಿಸಲಾಗದು. ಯುರೋಪಿನಲ್ಲಿ ಹುಟ್ಟದೆಯೂ ಆ ಜೆರ್ಸಿ ತೊಡಬಹುದು ಎಂಬುದು ಅವರಿಗೆ ಅಂದು ಕಣ್ಣಾರೆ ಸಿಕ್ಕಿತು.

ನಿಮ್ಮ ಕಷ್ಟವೂ ತಿಳಿಯುತ್ತದೆ. ಮಹಿಳಾ ತಂಡಗಳು ಚಿಕ್ಕವು, ಮೂರು ವಾರದ ಸ್ಪರ್ಧೆಗೆ ಬೇಕಾದಷ್ಟು ಸವಾರಿಣಿಯರನ್ನು ಸಾಕುವ ಶಕ್ತಿ ಹಲವು ತಂಡಗಳಿಗಿಲ್ಲ. ಉನ್ನತ ದರ್ಜೆಯ ತಂಡಗಳಲ್ಲಿ ಕನಿಷ್ಠ ವೇತನ ಎಂಬುದು ಬಂದದ್ದೇ 2020ರಲ್ಲಿ, ಆಗ ವರ್ಷಕ್ಕೆ 15,000 ಯೂರೋ. ಅದಕ್ಕೂ ಮುಂಚೆ ಎಷ್ಟೋ ಮಂದಿ ಬೇರೆ ಕೆಲಸ ಮಾಡುತ್ತಲೇ ಸೈಕಲ್ ತುಳಿದವರು. ನಾಳೆಯೇ 21 ಹಂತ ಇಡಿ ಎಂದು ನಾನು ಕೇಳುವುದಿಲ್ಲ. ದಣಿದ ಸವಾರಿಣಿಯರನ್ನು ಬೆಟ್ಟಕ್ಕೆ ಅಟ್ಟಿ ಸಮಾನತೆ ಎನ್ನುವುದು ಅನ್ಯಾಯವೇ. ಆದರೆ ದುಡ್ಡು ಬರಲಿ ಆಮೇಲೆ ಹಂತ ಹೆಚ್ಚಿಸೋಣ ಎಂಬ ವಾದವನ್ನು ಒಪ್ಪಲಾರೆ. ತಂಡಗಳು ದೊಡ್ಡ ಸ್ಪರ್ಧೆ ಖಚಿತವಾದರೆ ಮಾತ್ರ ಹೆಚ್ಚು ಜನರನ್ನು ಸೇರಿಸಿಕೊಳ್ಳುತ್ತವೆ. ಪ್ರಾಯೋಜಕರೂ ಅಷ್ಟೇ. ಮೊದಲ ಹೆಜ್ಜೆ ನಿಮ್ಮದು. 2022ರಲ್ಲಿ ವಿಜೇತೆಗೆ 50,000 ಯೂರೋ ಕೊಟ್ಟಿರಿ, ಪುರುಷರಿಗೆ 5 ಲಕ್ಷ. ಆ ಹತ್ತು ಪಟ್ಟಿನ ಅಂತರವೂ ನಿಮ್ಮ ಕೈಯಲ್ಲೇ ಇದೆ.

ಕೇಳುವುದು ಇಷ್ಟು. ಮುಂದಿನ ಐದು ವರ್ಷಗಳಲ್ಲಿ ಯಾವ ವರ್ಷ ಎಷ್ಟು ಹಂತ ಎಂಬುದನ್ನು ಈಗಲೇ ಬರೆದು ಪ್ರಕಟಿಸಿ. ಇಂದಿನ ಪ್ರಾಯೋಜಕರು ಹೋದರೂ ಸ್ಪರ್ಧೆ ನಿಲ್ಲುವುದಿಲ್ಲ ಎಂದು ಅದೇ ಪ್ರಕಟಣೆಯಲ್ಲಿ ಸೇರಿಸಿ, ಏಕೆಂದರೆ 1989ರಲ್ಲಿ ಆದದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. 2026ರ ಹಾದಿಗೆ ವಾಂತೂ ಬೆಟ್ಟವನ್ನು ಸೇರಿಸಿದ್ದೀರಿ, ಬಹಳ ಸಂತೋಷ. ಮುಂದಿನ ಒಂದು ವರ್ಷ ಪಿರೆನೀಸ್ ಮತ್ತು ಆಲ್ಪ್ಸ್ ಎರಡನ್ನೂ ಒಂದೇ ಸ್ಪರ್ಧೆಯಲ್ಲಿ ಕೊಡಿ. ಎರಡರ ನಡುವೆ ಒಂದು ವಿಶ್ರಾಂತಿ ದಿನ ಇರಲಿ, ಹಂತಗಳು ಹನ್ನೆರಡಾಗಲಿ. ಯಾವ ವರ್ಷ ಎಂದು ತಿಳಿಸಿದರೆ ನಮ್ಮ ಊರಿನ ತರಬೇತುದಾರರಿಗೆ ನಾನೇ ಹೋಗಿ ಹೇಳುತ್ತೇನೆ.

ಇತಿ,
ನಿಮ್ಮ ಸ್ಪರ್ಧೆಯ ಅಭಿಮಾನಿ
ವಿಜಯಪುರ