ಬಡವರನ್ನು ಆನ್‌ಲೈನ್‌ಗೆ ಹತ್ತಿಸುವ ವಿಧಾನ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಗ್ರಿ: ನೆಟ್ ಇಲ್ಲದ ಒಬ್ಬ ಫಲಾನುಭವಿ, ಒಂದು ಹಳೇ ಸ್ಮಾರ್ಟ್‌ಫೋನು (ಗಾಜು ಒಡೆದಿದ್ದರೂ ನಡೆದೀತು), ನಿಮಗೊಂದಿಷ್ಟು ತಾಳ್ಮೆ. ಉತ್ತರ ಬೆಂಗಳೂರಿನ ಹೊರಗೆ ಈ ಕೈಪಿಡಿಗೆ ಗ್ಯಾರಂಟಿ ಇಲ್ಲ.

ಹಂತ 1: ಫಲಾನುಭವಿಯನ್ನು ಯಶವಂತಪುರ ರೈಲು ನಿಲ್ದಾಣಕ್ಕೆ ಕರೆದೊಯ್ಯಿರಿ. ರೈಲ್‌ಟೆಲ್ ವೈಫೈ ಅಲ್ಲಿ ಅರ್ಧ ಗಂಟೆ ಪುಕ್ಕಟೆ. ಪ್ಲಾಟ್‌ಫಾರಂ ಟಿಕೆಟ್ ಪುಕ್ಕಟೆಯಲ್ಲ, ಹತ್ತು ರೂಪಾಯಿ. 2021ರಲ್ಲಿ ಈ ವೈಫೈಗೆ ದರಪಟ್ಟಿ ಬಂದಾಗ ದಿನಕ್ಕೆ 5 ಜಿಬಿ ಪ್ಯಾಕಿಗೆ ಇಟ್ಟ ಬೆಲೆಯೂ ಹತ್ತೇ ರೂಪಾಯಿ. ಅಂದರೆ ಡೇಟಾಗೆ ಕೊಡುವಷ್ಟನ್ನೇ ನಿಂತುಕೊಳ್ಳುವುದಕ್ಕೂ ಕೊಡಬೇಕು.

ಹಂತ 2: ಪರದೆ ಮೊಬೈಲ್ ನಂಬರ್ ಕೇಳುತ್ತದೆ. ಹಾಕಿ. ಒಟಿಪಿ ಬರುತ್ತದೆ. ರೀಚಾರ್ಜ್ ಮುಗಿದು ಬಹಳ ದಿನವಾದ ಸಿಮ್ಮಿಗೆ ಬರುವುದಿಲ್ಲ. ಹಾಗಾದಲ್ಲಿ ಮೊದಲು ರೀಚಾರ್ಜ್ ಮಾಡಿಸಿ, ಆಮೇಲೆ ಪುಕ್ಕಟೆ ನೆಟ್ ಪಡೆಯಿರಿ. ಜಿಯೋದ 155 ರೂಪಾಯಿಯ 28 ದಿನದ ಪ್ಯಾಕು 2024ರ ಜುಲೈನಲ್ಲಿ 189 ಆಯಿತು. ಅದರೊಳಗೆ ಒಟ್ಟು 2 ಜಿಬಿ. ಮಗುವಿನ ಪಾಠದ ವಿಡಿಯೋಗೆ ಅದು ಎಷ್ಟು ದಿನ ಬಂದೀತು, ಲೆಕ್ಕ ನೀವೇ ಹಾಕಿ.

ಬೇಡವಾದ ಹಂತ: ಟಿಟಿಎಂಸಿ ಬಸ್ ನಿಲ್ದಾಣದಲ್ಲಿ ಸರ್ಕಾರದ ಪುಕ್ಕಟೆ 'ನಮ್ಮ ವೈಫೈ' ಹುಡುಕಬೇಡಿ. 2014ರ ಜನವರಿಯಲ್ಲಿ ಎಂ.ಜಿ. ರಸ್ತೆಯ ಜೊತೆಗೇ ಯಶವಂತಪುರಕ್ಕೂ ಅದು ಬಂದಿತ್ತು, ದಿನಕ್ಕೆ 50 ಎಂಬಿ. ಈಗ ಅಲ್ಲಿ ಸಿಗುವುದು ಬಸ್ಸು ಮಾತ್ರ, ಅದೂ ಕಾದರೆ. ಬಡವರ ಕೈಗಂಪ್ಯೂಟರ್ ಆಗಬೇಕಿದ್ದ ಸಿಂಪ್ಯೂಟರ್ ಕೂಡ ಹುಡುಕಬೇಡಿ. ಊರಿಗೊಂದು ಯಂತ್ರ, ಕೈಗೊಂದು ಸ್ಮಾರ್ಟ್‌ಕಾರ್ಡ್ ಎಂದು ಪಕ್ಕದ ಐಐಎಸ್‌ಸಿಯ ಮೇಷ್ಟ್ರುಗಳು ಯೋಚಿಸಿದ್ದರು, ಬಿಇಎಲ್ ತಯಾರಿಸಿಯೂ ಕೊಟ್ಟಿತು. 2004ರಲ್ಲಿ ಮಾರಾಟಕ್ಕೆ ಬರುವ ಹೊತ್ತಿಗೆ ಬೆಲೆ ಹತ್ತು ಸಾವಿರದ ಹತ್ತಿರ.

ಹಂತ 3: ಟೀ ಅಂಗಡಿ. ನನ್ನ ಮಟ್ಟಿಗೆ ಈ ಕೈಪಿಡಿಯಲ್ಲಿ ತಲೆಯಿರುವ ಹಂತ ಇದೊಂದೇ. ಇದೇ ಊರಿನ ವೈಫೈ ಡಬ್ಬಾ ಕಂಪನಿ ಟೀ ಅಂಗಡಿ, ಬೇಕರಿಗಳಲ್ಲಿ ಎರಡು ರೂಪಾಯಿಗೆ 100 ಎಂಬಿ ಮಾರಿತ್ತು. ಕೈಯಲ್ಲಿದ್ದ ಚಿಲ್ಲರೆಗೆ ತಕ್ಕಷ್ಟು, ಬನ್ನಿನ ಜೊತೆಗೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಾಣಿ ಯೋಜನೆಯೂ ಇದೇ ದಾರಿಯದು: ಅಂಗಡಿಯವನಿಗೆ ಲೈಸೆನ್ಸ್ ಬೇಡ, ಶುಲ್ಕ ಬೇಡ. ಗಿರಾಕಿ ಮಾತ್ರ ಆ್ಯಪ್ ಇಳಿಸಿಕೊಳ್ಳಬೇಕು. ಆ್ಯಪ್ ಇಳಿಸಲು ನೆಟ್ ಬೇಕು. (ಹಂತ 1 ನೋಡಿ.)

ಹಂತ 4: ಮೇಲಿನದೆಲ್ಲ ಕೈಕೊಟ್ಟಲ್ಲಿ, ಆರ್.ಟಿ. ನಗರದ ನಿಮ್ಮ ಮೂರನೇ ಮಹಡಿಯ ಮನೆಗೆ ವಾಪಸಾಗಿ. ಟಿವಿ ಪಕ್ಕದ ರೂಟರನ್ನು ಮಗುಚಿ. ಅಡಿಯ ಸ್ಟಿಕ್ಕರಿನಲ್ಲಿ, ಧೂಳಿನ ಕೆಳಗೆ, ಪಾಸ್‌ವರ್ಡ್ ಇದೆ. ಅದನ್ನು ವಾಚ್‌ಮನ್ ಮಗಳಿಗೆ ಓದಿ ಹೇಳಿ. ಸೊನ್ನೆ ಯಾವುದು, 'ಓ' ಯಾವುದು ಬಿಡಿಸಿ ಹೇಳಿ. ಸಿಗ್ನಲ್ ಪಾರ್ಕಿಂಗ್‌ವರೆಗೆ ಇಳಿಯದಿದ್ದರೆ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂರಲಿ. ಸೊಳ್ಳೆಬತ್ತಿ ನಿಮ್ಮ ಖರ್ಚು. ತಿಂಗಳ ಬಿಲ್ ಒಂದು ಪೈಸೆಯೂ ಏರುವುದಿಲ್ಲ. ಅಸೋಸಿಯೇಷನ್‌ನವರು ತಕರಾರು ತೆಗೆದರೆ, ಮೆಟ್ಟಿಲ ಮೇಲೆ ಕೂತು ಓದಬಾರದು ಎಂದು ಬೈಲಾದಲ್ಲಿ ಎಲ್ಲಿದೆ, ತೋರಿಸಿ ಅನ್ನಿ.