ಶೇರು ಪ್ರವೇಶ ಮುಹೂರ್ತ ನಿರ್ಣಯ

ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. 1909ರಲ್ಲಿ ಅದು ಅಚ್ಚಾಯಿತು. ಉಪ್ಪು, ಹೆಂಡ, ಗಣಿ, ಸುಂಕ, ಆನೆ ಎಲ್ಲಕ್ಕೂ ಒಬ್ಬೊಬ್ಬ ಅಧ್ಯಕ್ಷನನ್ನು ನೇಮಿಸಿದ ಆ ಮಹಾನುಭಾವ ಡಿಮ್ಯಾಟ್ ಖಾತೆಯ ವಿಷಯದಲ್ಲಿ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ದೇವರಾಜ ಮೊಹಲ್ಲಾದ ವಿದ್ವದ್ವಲಯವನ್ನು ಕಾಡುತ್ತಾ ಬಂದಿರುವ ಈ ಲೋಪವನ್ನು ತುಂಬಲು ಪ್ರಸ್ತುತ ಗ್ರಂಥವು ಒಂದು ವಿನಮ್ರ ಪ್ರಯತ್ನ. ವಿನಮ್ರ ಎಂಬುದು ವಾಡಿಕೆಗೆ ಬಂದ ಮಾತು, ಯಾರೂ ನಂಬಬೇಕಾಗಿಲ್ಲ.

ವಿಷಯವೇನೆಂದರೆ, ಹೊಸಬನು ಶೇರುಪೇಟೆಯನ್ನು ಯಾವಾಗ ಹೊಗಬೇಕು, ಹೇಗೆ ಹೊಗಬೇಕು. ಪೂರ್ವಪಕ್ಷವನ್ನು ಮಂಡಿಸುವವರು ನನ್ನ ಸೋದರಮಾವ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕಿನಲ್ಲಿ ಜೀವಮಾನ ಸವೆಸಿದವರು. ಅವರು ನಿವೃತ್ತರಾದ ಮೇಲೆ, 2017ರ ಏಪ್ರಿಲ್ 1ರಂದು, ಬ್ಯಾಂಕೇ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಆ ಬ್ಯಾಂಕಿನ 10 ಶೇರು ಇಟ್ಟುಕೊಂಡಿದ್ದವರಿಗೆ ದೊಡ್ಡ ಬ್ಯಾಂಕಿನ 22 ಶೇರು ಕೊಟ್ಟರು. ಜೀವಾತ್ಮ ಪರಮಾತ್ಮಗಳ ಐಕ್ಯದ ಬಗ್ಗೆ ಇಷ್ಟು ನಿಖರವಾದ ಲೆಕ್ಕ ಅದ್ವೈತದಲ್ಲೂ ಇಲ್ಲ. ಮಾವನ ಕೈಯಲ್ಲಿ ಮಾತ್ರ ಒಂದು ಶೇರೂ ಇರಲಿಲ್ಲ. ಒಳ್ಳೆಯ ದಿನ ಕೂಡಿಬಂದಿರಲಿಲ್ಲ.

ಅವರ ಮತಕ್ಕೆ 'ಅಂದೇ-ವಾದ' ಎಂದು ಹೆಸರು. ಇನ್ಫೋಸಿಸ್ 1993ರ ಫೆಬ್ರವರಿಯಲ್ಲಿ ಒಂದು ಶೇರಿಗೆ 95 ರೂಪಾಯಿಯಂತೆ ಸಾರ್ವಜನಿಕರ ಮುಂದಿಟ್ಟಿತು. ನಮ್ಮ ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿದ ಹುಡುಗನ ಕಂಪನಿ. ಆದರೂ ಜನ ಮುಗಿಬೀಳಲಿಲ್ಲ, ಉಳಿದ ಪಾಲನ್ನು ಮಾರ್ಗನ್ ಸ್ಟ್ಯಾನ್ಲಿಯವರು ಎತ್ತಿಕೊಂಡರು. ಜೂನ್‌ನಲ್ಲಿ ಪೇಟೆಗೆ ಬಂದಾಗ ಬೆಲೆ 145. "ಅವತ್ತೇ ನೂರು ಶೇರು ತಗೊಂಡಿದ್ದಿದ್ರೆ ಕಣೋ..." ಎಂದು ಮಾವ ಆರಂಭಿಸಿದರೆ, ಧನ್ವಂತ್ರಿ ರಸ್ತೆಯ ಹೋಟೆಲಿನಲ್ಲಿ ಬೈಟು ಕಾಫಿ ಆರಿ ತಣ್ಣಗಾಗುವವರೆಗೂ ವಾಕ್ಯ ಮುಗಿಯುವುದಿಲ್ಲ. ಅಂದೇ-ವಾದದ ವೈಶಿಷ್ಟ್ಯವೆಂದರೆ, ಹೂಡಿಕೆಗೆ ಪ್ರಶಸ್ತವಾದ ಕಾಲ ಯಾವಾಗಲೂ ಒಂದೇ, ಮತ್ತು ಅದು ಕಳೆದುಹೋಗಿರುತ್ತದೆ. ಹೀಗಾಗಿ ಈ ಮತದ ಅನುಯಾಯಿಗಳು ಇದುವರೆಗೆ ಒಂದು ಪೈಸೆಯನ್ನೂ ಕಳೆದುಕೊಂಡಿಲ್ಲ. ವಾದದ ಬಲ ಇರುವುದೇ ಅಲ್ಲಿ.

ಇನ್ನು ಕಾಲ ನಿರ್ಣಯ. ಶೇರುಪೇಟೆ ತೆರೆಯುವುದು ಬೆಳಿಗ್ಗೆ 9.15ಕ್ಕೆ, ಮುಚ್ಚುವುದು ಮಧ್ಯಾಹ್ನ 3.30ಕ್ಕೆ. ವಾರಕ್ಕೆ ಐದು ದಿನ, ಒಟ್ಟು 31 ಗಂಟೆ 15 ನಿಮಿಷ. ಸೂರ್ಯೋದಯ ಆರಕ್ಕೆ ಎಂದಿಟ್ಟುಕೊಂಡರೆ ಸೋಮವಾರದ ರಾಹುಕಾಲ ಏಳೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಅಂದರೆ ರಾಹು ಹೊರಟು ಹದಿನೈದು ನಿಮಿಷಕ್ಕೆ ಪೇಟೆಯ ಬಾಗಿಲು ತೆರೆಯುತ್ತದೆ. ಮಂಗಳವಾರ ಕೊನೆಯ ಅರ್ಧ ಗಂಟೆ ಮಾತ್ರ ಬಾಧೆ. ಬುಧವಾರ ಹನ್ನೆರಡರಿಂದ, ಗುರುವಾರ ಒಂದೂವರೆಯಿಂದ, ಶುಕ್ರವಾರ ಹತ್ತೂವರೆಯಿಂದ ಪೂರ್ತಿ ಒಂದೂವರೆ ಗಂಟೆ ಕೈಕಟ್ಟಿ ಕೂರಬೇಕು. ಇದಕ್ಕೆ ಯಮಗಂಡವನ್ನೂ ಸೇರಿಸಿ ಕಳೆದರೆ ವಾರಕ್ಕೆ ಸರಿಯಾಗಿ 23 ಗಂಟೆ ಶುದ್ಧ ಕಾಲ ಉಳಿಯುತ್ತದೆ. ಗುಳಿಕ ಕಾಲವನ್ನು ಹಿಡಿದಿಲ್ಲ. ಅದರಲ್ಲಿ ಮಾಡಿದ ಕೆಲಸ ಮತ್ತೆ ಮತ್ತೆ ಆಗುತ್ತದೆಂದು ನಂಬಿಕೆ. ಕೊಳ್ಳುವವನಿಗೆ ಅದು ಒಳ್ಳೆಯದೇ, ಕಳೆದುಕೊಳ್ಳುವವನಿಗೆ ಹೇಗೋ ಎಂದು ಮಾವ ತೀರ್ಪು ಕಾದಿರಿಸಿದ್ದಾರೆ. ಉಳಿದ 23 ಗಂಟೆಯಲ್ಲಿ ಆಷಾಢ, ಪಿತೃಪಕ್ಷ, ಧನುರ್ಮಾಸ, ಅಧಿಕಮಾಸ, ಅಮಾವಾಸ್ಯೆ ಕಳೆದು, ಆಮೇಲೆ ಮಾವನ ಜನ್ಮನಕ್ಷತ್ರಕ್ಕೆ ತಾರಾಬಲ ನೋಡಬೇಕು.

ಆಕ್ಷೇಪ: ಪೇಟೆಯಂಥ ಲೌಕಿಕ ಸ್ಥಳಕ್ಕೆ ಪಂಚಾಂಗವೇಕೆ? ಸಮಾಧಾನ: ದೀಪಾವಳಿಯ ಲಕ್ಷ್ಮೀಪೂಜೆಯ ದಿನ ರಜೆ ಘೋಷಿಸಿ, ಒಂದು ಗಂಟೆ ಮಾತ್ರ ಬಾಗಿಲು ತೆರೆದು, ಅದಕ್ಕೆ ಮುಹೂರ್ತ ವಹಿವಾಟು ಎಂದು ಹೆಸರಿಟ್ಟವರು ಮುಂಬಯಿಯವರೇ. ಮೈಸೂರಿನವರನ್ನು ಬಯ್ದು ಪ್ರಯೋಜನವಿಲ್ಲ.

ಆದರೆ 2020ರ ಮಾರ್ಚ್ 23 ಈ ಸಿದ್ಧಾಂತಕ್ಕೆ ಕೊಟ್ಟ ಪೆಟ್ಟು ದೊಡ್ಡದು. ಅಂದು ಸೋಮವಾರ. ರಾಹು ಒಂಬತ್ತಕ್ಕೇ ಜಾಗ ಖಾಲಿ ಮಾಡಿದ್ದ. ಆದರೂ ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಬಿದ್ದು 26,000ದ ಕೆಳಗೆ ಹೋಯಿತು. ಮಾವ ಎದೆಗುಂದಲಿಲ್ಲ. "ಚತುರ್ದಶಿ ಕಣೋ. ಅಮಾವಾಸ್ಯೆ ಹಿಂದಿನ ದಿನ ಯಾರಾದ್ರೂ ಪೇಟೆಗೆ ಹೋಗ್ತಾರಾ?" ಎಂದರು. ಎರಡೇ ದಿನಕ್ಕೆ, ಬುಧವಾರ, ಯುಗಾದಿ. ಅಂದು ಬೇವುಬೆಲ್ಲ ತಿಂದು ಶೇರು ಕೊಂಡವನು ವರ್ಷದ ಕೊನೆಗೆ ಸೂಚ್ಯಂಕ 47,000 ದಾಟಿದ್ದನ್ನು ಕಂಡ. ಪಂಚಾಂಗ ಗೆದ್ದಿತು ಎಂದು ಮಾವ ಇಂದಿಗೂ ಮೀಸೆ ತಿರುವುತ್ತಾರೆ. ಆ ಯುಗಾದಿಯ ದಿನ ದೇಶಕ್ಕೇ ಬೀಗ ಬಿದ್ದು, ಮಾವ ಒಳಗೆ ಕೂತು ಹಾಲಿನ ಪ್ಯಾಕೆಟ್ಟನ್ನು ಸೋಪಿನಲ್ಲಿ ತೊಳೆಯುತ್ತಿದ್ದರು ಎಂಬುದನ್ನು ಇತಿಹಾಸದ ದೃಷ್ಟಿಯಿಂದ ದಾಖಲಿಸುತ್ತೇನೆ. ಬೆಲೆ ನೆಲ ಕಚ್ಚಿದ ದಿನ ಕೊಳ್ಳುವ ಧೈರ್ಯವೂ ನೆಲ ಕಚ್ಚಿರುತ್ತದೆ.

ಧೈರ್ಯ ಬರುವುದು ಬೆಲೆ ಏರಿದ ಮೇಲೆ. ಇದಕ್ಕೆ ಪ್ರತ್ಯಕ್ಷ ಪ್ರಮಾಣ ಬೇಕಾದರೆ ವರಮಹಾಲಕ್ಷ್ಮಿಯ ಹಿಂದಿನ ಸಂಜೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋಗಬೇಕು. ಕಾಲಿಡಲು ಜಾಗವಿಲ್ಲ. ಒದ್ದೆ ಗೋಣಿಚೀಲದ ಮೇಲೆ ಸುರುಳಿ ಸುತ್ತಿದ ಮಲ್ಲಿಗೆ, ಸೇವಂತಿಗೆ. ಹೂವಿನವಳು ಮೊಣಕೈಯಿಂದ ಬೆರಳ ತುದಿಗೆ ಹಾರ ಎಳೆದು ಮೊಳ ಹಾಕುತ್ತಲೇ ಬೆಲೆ ಹೇಳುತ್ತಾಳೆ, ಮುಖವನ್ನೂ ನೋಡುವುದಿಲ್ಲ. ಹಬ್ಬ ಕಳೆದರೆ ಇದೇ ಹೂವನ್ನು ಕೂಗಿ ಕರೆದು ಕೊಡುತ್ತಾಳೆಂದು ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ಇಂದೇ ಕೊಳ್ಳುತ್ತಾರೆ, ಏಕೆಂದರೆ ಎಲ್ಲರೂ ಇಂದೇ ಕೊಳ್ಳುತ್ತಿದ್ದಾರೆ. ಹೊಸ ಕಂಪನಿಗಳ ಐಪಿಒಗೆ ಅರ್ಜಿ ಹಾಕುವವರ ಮನೋಧರ್ಮವನ್ನು ಇದಕ್ಕಿಂತ ಚೆನ್ನಾಗಿ ಯಾವ ಅರ್ಥಶಾಸ್ತ್ರಜ್ಞನೂ ವಿವರಿಸಿಲ್ಲ. ಹೂವಿಗಾದರೂ ದೇವಿಯಿದ್ದಾಳೆ.

ಇಲ್ಲಿ ಆಲದ ಮರದ ಪ್ರಸ್ತಾಪ ಅನಿವಾರ್ಯ. ಮುಂಬಯಿಯ ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟುವ ಮೊದಲು ಆಲದ ಮರದಡಿ ವ್ಯವಹರಿಸುತ್ತಿದ್ದರು. ನಮ್ಮ ಯಾದವಗಿರಿಯ ಆರ್. ಕೆ. ನಾರಾಯಣ್ 1952ರ ಕಾದಂಬರಿಯಲ್ಲಿ ಮಾರ್ಗಯ್ಯನನ್ನು ಕೂರಿಸಿದ್ದೂ ಆಲದ ಮರದ ಕೆಳಗೇ. ಅದನ್ನೇ ಆಧರಿಸಿದ ನಾಗಾಭರಣರ 'ಬ್ಯಾಂಕರ್ ಮಾರ್ಗಯ್ಯ' ಚಿತ್ರದಲ್ಲಿ ಲೋಕೇಶ್ ಅವರನ್ನು ಕಂಡವರು ಮರೆತಿರಲಾರರು. ಮಾರ್ಗಯ್ಯ ಲಕ್ಷ್ಮಿಗೆ ಕಠಿಣ ವ್ರತ ಮಾಡಿದ, ಹಣ ಬಂತು. ಭಾರೀ ಬಡ್ಡಿಯ ಆಸೆ ತೋರಿಸಿ ಊರಿನ ಠೇವಣಿಯೆಲ್ಲ ಬಾಚಿದ, ಹೋಯಿತು. ಅವನ ಸಂತತಿ ಈಗ ಮರ ಬಿಟ್ಟು ವಾಟ್ಸಾಪ್ ಗುಂಪಿನಲ್ಲಿದೆ. "ಸಾರ್, ನಾಳೆ ಅಪ್ಪರ್ ಸರ್ಕ್ಯೂಟ್ ಗ್ಯಾರಂಟಿ" ಎನ್ನುತ್ತದೆ. ಅದೇ ಗುಂಪಿನಲ್ಲಿ ಆಪ್ಷನ್ ಕಲಿತು ಚುಕ್ತಾ ಆದ ಹುಡುಗರು ಅರಸು ರಸ್ತೆಯುದ್ದಕ್ಕೂ ಸಿಗುತ್ತಾರೆ. ಸೆಬಿ 2024ರಲ್ಲಿ ಲೆಕ್ಕ ಹಾಕಿದಾಗ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ರಾಹುವಿನ ಮೇಲೆ ಇಷ್ಟು ದೊಡ್ಡ ಆಪಾದನೆ ಯಾವ ಪುರಾಣದಲ್ಲೂ ಇಲ್ಲ.

ಸಿದ್ಧಾಂತವನ್ನು ಮಂಡಿಸಿದವಳು ಬೆಂಗಳೂರಿನಿಂದ ರಜಕ್ಕೆ ಬಂದ ಮಾವನ ಮಗಳು. ಅವಳ ಪ್ರಕಾರ ಕಾಲವನ್ನು ಆಕಾಶದಲ್ಲಲ್ಲ, ಪಾಸ್‌ಬುಕ್ಕಿನಲ್ಲಿ ನೋಡಬೇಕು. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿದೆಯೇ, ಆರೋಗ್ಯ ವಿಮೆ ಇದೆಯೇ, ಕೈಸಾಲ ತೀರಿದೆಯೇ, ಈ ಹಣ ಏಳೆಂಟು ವರ್ಷ ಬೇಡವೇ? ನಾಲ್ಕಕ್ಕೂ ಹೌದಾದರೆ ಮುಹೂರ್ತ ಇಂದೇ. "ಅಪ್ಪಾ, ಒಂದೇ ಶೇರಿಗೆ ಹಾಕ್ಬೇಡಿ. ನಿಫ್ಟಿ ಐವತ್ತರ ಇಂಡೆಕ್ಸ್ ಫಂಡಿಗೆ ತಿಂಗಳಿಗೆ ಎರಡು ಸಾವಿರ ಎಸ್‌ಐಪಿ ಮಾಡಿ. ಐವತ್ತು ಕಂಪನೀನೂ ಒಟ್ಟಿಗೆ ಬರುತ್ತೆ, ಖರ್ಚೂ ಕಮ್ಮಿ. ಬಿದ್ದಾಗ ಜಾಸ್ತಿ ಯೂನಿಟ್ ಸಿಗುತ್ತೆ, ಏರಿದಾಗ ಕಮ್ಮಿ."

ಮಾವ ತಮ್ಮ ಬ್ರಹ್ಮಾಸ್ತ್ರ ತೆಗೆದರು: "ಎಷ್ಟು ಗಂಟೆಗೆ ಕೊಳ್ಳೋದು?"

ಉತ್ತರ ಕೇಳಿ ಇಡೀ ಶಾಸ್ತ್ರ ತಲೆಕೆಳಗಾಯಿತು. ಮ್ಯೂಚುವಲ್ ಫಂಡಿನಲ್ಲಿ ಗಂಟೆಯೇ ಇಲ್ಲ. ಪೇಟೆ ಮುಚ್ಚಿದ ಮೇಲೆ ದಿನಕ್ಕೊಂದೇ ಎನ್‌ಎವಿ, ಅಂದರೆ ಯೂನಿಟ್ಟಿನ ಬೆಲೆ, ಕಟ್ಟುತ್ತಾರೆ. ಮೂರು ಗಂಟೆಯೊಳಗೆ ಹಣ ಮುಟ್ಟಿದವರಿಗೆಲ್ಲ ಆ ದಿನದ ಒಂದೇ ಬೆಲೆ. ಕೊಂಡ ಕ್ಷಣವೆಂಬುದೇ ಇಲ್ಲದಿರುವಾಗ ರಾಹು ಹಿಡಿಯುವುದಾದರೂ ಯಾವುದನ್ನು? ಮಾವ ಬಹಳ ಹೊತ್ತು ಯೋಚಿಸಿ, ಬ್ಯಾಂಕಿನಿಂದ ಹಣ ಕಡಿತವಾದ ಮೆಸೇಜು ಯಾವ ಹೊತ್ತಿಗೆ ಬರುತ್ತದೆ ಎಂದು ವಿಚಾರಿಸಿದರು. ತನಗಂತೂ ಬೆಳಗಿನ ಜಾವವೇ ಬರುವುದು ಎಂದಳು. "ಬ್ರಾಹ್ಮೀ ಮುಹೂರ್ತ!" ಎಂದು ಮಾವ ಎದ್ದೇ ನಿಂತರು.

ಮುಂದಿನದು ವಿಧಿಭಾಗ, ಅದು ಚಿಕ್ಕದು. ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ಆಧಾರ್, ಕೆವೈಸಿ. ಬಿಡಿ ಶೇರು ಬೇಕೆನ್ನುವವರಿಗೆ ಮಾತ್ರ ಡಿಮ್ಯಾಟ್. ನಾಮಿನಿಯ ಹೆಸರು ಬರೆಯುವಾಗ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ಹಿಂದೆ ನಿಂತದ್ದನ್ನು ಬಿಟ್ಟರೆ ಎಲ್ಲವೂ ಸುಗಮವಾಗಿತ್ತು. ಆಮೇಲೆ ಒಟಿಪಿ ಬರಲಿಲ್ಲ. ಆಧಾರಿಗೆ ಜೋಡಿಸಿದ್ದು ಮಾವ ಎಂದೋ ಕೈಬಿಟ್ಟ ಹಳೆಯ ನಂಬರು. ಹೊಸ ನಂಬರು ಸೇರಿಸಲು ಆಧಾರ್ ಕೇಂದ್ರಕ್ಕೆ ಹೋಗುವುದೆಂದಾಯಿತು. ಮಗಳು ಫೋನಿನಲ್ಲೇ ಟೋಕನ್ ತೆಗೆದುಕೊಟ್ಟಳು.

ಸಿಕ್ಕಿದ್ದು ಶುಕ್ರವಾರ, ಹತ್ತೂವರೆಗೆ.